ನೀಲಮ್ಮ ಬಲ್ಲ ಕೆಮ್ಮು

ಹೋದ ತಿಂಗಳು ಮಗಳಿಗೊಂದು ಸೆಕೆಂಡ್ ಹ್ಯಾಂಡ್ ಸೈಕಲ್ ತರೋಣ ಅಂತ ಅವಳನ್ನೂ ಕರೆದುಕೊಂಡು ಆಮ್‌ಸ್ಟರ್‌ಡ್ಯಾಮ್ ಪಕ್ಕದ ಡೀಮೆನ್‌ಗೆ ಹೋಗಿದ್ದೆ. ಮಾರುವವರ ವಿಳಾಸ ನೋಡಿದಾಗಲೇ ಅದು ಮದುವೆಗೆ ಮುಂಚೆ ನಾನು ಬಾಡಿಗೆಗಿದ್ದ ಕಟ್ಟಡದ ಪಕ್ಕದ್ದು ಅಂತ ಗೊತ್ತಾಗಿತ್ತು. ಬೇರೆಯವರ ಹತ್ತಿರ ನೋಡೋಣ ಅಂತ ಒಂದು ಕ್ಷಣ ಅನ್ನಿಸಿದ್ದು ಹೌದು. ಆದರೆ ಸೈಕಲ್ ಚೆನ್ನಾಗಿತ್ತು, ಮಗಳು ಅದರ ಫೋಟೋ ನೋಡಿಬಿಟ್ಟಿದ್ದಳು. ನಾವೀಗಿರುವ ರೈಸ್‌ವೈಕ್‌ನಿಂದ ರೈಲು, ಆಮೇಲೆ ಮೆಟ್ರೊ. ಸೈಕಲ್ ಮಾರುವವರ ಕಟ್ಟಡದಲ್ಲಿ ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಯಾರೂ ಇರಲಿಲ್ಲ. ವಾಸನೆ ಮಾತ್ರ ಇತ್ತು. ಹಸಿ ಹುಲ್ಲಿಗೆ ಬೆಂಕಿ ಹಚ್ಚಿದ ಹಾಗೆ, ಅದರ ಮೇಲೆ ಯಾರೋ ಬೆವರಿದ ಬಟ್ಟೆ ಹಾಕಿದ ಹಾಗೆ. ಗಾಂಜಾ. ಈ ದೇಶದಲ್ಲಿ ಇರುವವರಿಗೆ ಇದು ಹೊಸ ವಾಸನೆಯಲ್ಲ, ಬಸ್ ಸ್ಟಾಪಿನಲ್ಲಿ, ಪಾರ್ಕಿನಲ್ಲಿ ದಿನಾ ಮೂಗಿಗೆ ಬಡಿಯುತ್ತೆ. ಆದರೆ ಆ ಸಣ್ಣ ಕಬ್ಬಿಣದ ಡಬ್ಬಿಯೊಳಗೆ ಅದು ತುಂಬಿಕೊಂಡು ನಿಂತಿದ್ದನ್ನು ನೋಡಿ ನನ್ನ ಕಾಲು ಮುಂದಕ್ಕೆ ಹೋಗಲಿಲ್ಲ. "ಹೆಟ್ ಸ್ಟಿಂಕ್ಟ್, ಅಪ್ಪಾ," ಅಂತ ಮಗಳು ಮೂಗು ಮುಚ್ಚಿಕೊಂಡಳು. ನಾತ, ಹೌದು. ಮೆಟ್ಟಿಲು ಹತ್ತಿ ಹೋಗೋಣ ಬಾ ಅಂದೆ. ಹತ್ತುವಾಗ ಅವಳು ಏನೇನೋ ಮಾತಾಡುತ್ತಿದ್ದಳು. ನನಗೆ ಕೇಳಿಸುತ್ತಿದ್ದದ್ದು ಶರಣುವಿನ ಕೆಮ್ಮು.

ಡೀಮೆನ್‌ನಲ್ಲಿದ್ದ ಆ ವರ್ಷ ನಾನು ಆಮ್‌ಸ್ಟರ್‌ಡ್ಯಾಮಿನ ಜೈಡಾಸ್ ಬಡಾವಣೆಯ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದೆ. ಮೈಸೂರು ಬಿಟ್ಟು ಬಂದು ಬಹಳ ದಿನ ಆಗಿರಲಿಲ್ಲ. ಆಮ್‌ಸ್ಟರ್‌ಡ್ಯಾಮ್ ಊರೊಳಗೆ ಬಾಡಿಗೆ ನಮ್ಮಂಥವರಿಗೆ ಎಟುಕುವುದಿಲ್ಲ ಅಂತ ಡೀಮೆನ್‌ನಲ್ಲಿ ಎರಡು ರೂಮಿನ ಫ್ಲ್ಯಾಟ್ ಹಿಡಿದಿದ್ದೆ. ಇನ್ನೊಂದು ರೂಮಿಗೆ ಬಂದವನು ಶರಣಬಸಪ್ಪ. ಕಲಬುರಗಿ ಹತ್ತಿರದ ಶಹಾಬಾದಿನವನು, ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ. ಈ ದೇಶವನ್ನು ಸಮುದ್ರದಿಂದ ಕಾಯುವ ಏರಿಗಳಿವೆಯಲ್ಲ, ಅವುಗಳ ಮಣ್ಣಿನೊಳಗೆ ನೀರು ಹೇಗೆ ಜಿನುಗುತ್ತೆ ಅನ್ನೋದು ಅವನ ವಿಷಯ. ಉದ್ದಕ್ಕೆ, ಸಣ್ಣಗೆ ಇದ್ದ. ನಗುವುದಕ್ಕೆ ಮುಂಚೆ ತಲೆ ಬಗ್ಗಿಸುತ್ತಿದ್ದ. ಭಾನುವಾರ ಜೋಳದ ರೊಟ್ಟಿ ಬಡಿಯುತ್ತಿದ್ದ. ಆ ಸದ್ದಿಗೆ ಕೆಳಗಿನ ಮನೆಯ ಡಚ್ ಅಜ್ಜಿ ಮೇಲೆ ಬಂದು ಏನು ರಿಪೇರಿ ನಡೀತಿದೆ ಅಂತ ಕೇಳಿದ್ದರು. ಅವರಿಗೂ ಒಂದು ರೊಟ್ಟಿ ಕೊಟ್ಟು ಕಳಿಸಿದ.

ಅವನು ಪುಂಡನಲ್ಲ, ಚಟಕ್ಕೆ ಬಿದ್ದು ಹಾಳಾದವನು ಅಂತ ಹೇಳುವ ಹಾಗೂ ಇರಲಿಲ್ಲ. ಇದನ್ನು ಮೊದಲೇ ಹೇಳಬೇಕು. ಮೊದಲ ವರ್ಷದ ಕೊನೆಗೆ ಅವನ ಗೈಡ್ ಅವನ ಲೆಕ್ಕಾಚಾರವನ್ನೆಲ್ಲ ಮತ್ತೆ ಮೊದಲಿನಿಂದ ಮಾಡು ಅಂದರು. ನಿದ್ದೆ ಹೋಯಿತು. ಲ್ಯಾಬಿನ ಯಾರೋ ಒಬ್ಬ ಜಾಯಿಂಟ್ ಸುತ್ತಿ ಕೊಟ್ಟ. ಆ ದಿನ ಸೊಗಸಾಗಿ ಮಲಗಿದನಂತೆ. ಆಮೇಲೆ ಅದು ವಾರಕ್ಕೊಮ್ಮೆ ಆಯಿತು, ಆಮೇಲೆ ದಿನಾ. ಇಲ್ಲಿ ಕಾಫಿಶಾಪ್ ಅನ್ನೋ ಬೋರ್ಡಿನ ಅಂಗಡಿಗಳಲ್ಲಿ ಅದನ್ನು ರಾಜಾರೋಷವಾಗಿ ಮಾರುತ್ತಾರೆ, ಪೊಲೀಸರ ಭಯ ಇಲ್ಲ. ಬಾಲ್ಕನಿಯಲ್ಲಿ ನಿಂತು, ತಂಬಾಕಿನ ಜೊತೆ ಬೆರೆಸಿ ಸುತ್ತಿದ್ದನ್ನು ಹಚ್ಚಿ, ಹೊಗೆಯನ್ನು ಎಳೆದು ಒಳಗೇ ಹಿಡಿದುಕೊಳ್ಳುತ್ತಿದ್ದ. ಬಾವಿಗೆ ಮುಳುಗಿದವನ ಹಾಗೆ ಮುಖ ಬಿಗಿಯಾಗುತ್ತಿತ್ತು. ಎಷ್ಟು ಹೊತ್ತು ಹಿಡಿದರೆ ಅಷ್ಟು ನಶೆ ಏರುತ್ತೆ ಅನ್ನೋದು ಅವನ ನಂಬಿಕೆ. ಆಮೇಲೆ ನಿಧಾನಕ್ಕೆ ಬಿಡುತ್ತಿದ್ದ. ಬಿಟ್ಟಾಗ ಹೊರಗೆ ಬರುವ ಹೊಗೆ ಒಳಗೆ ಹೋದದ್ದಕ್ಕಿಂತ ಬಹಳ ಕಮ್ಮಿ ಅಂತ ನನಗೆ ಅನ್ನಿಸುತ್ತಿತ್ತು.

ಅಕ್ಟೋಬರಿನಲ್ಲಿ ಕೆಮ್ಮು ಶುರುವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಬಾತ್‌ರೂಮಿನಲ್ಲಿ, ಬೇಸಿನ್ ಹಿಡಿದುಕೊಂಡು. ಮೊದಮೊದಲು ಗಂಟಲು ಕೆರೆದ ಹಾಗೆ. ನವೆಂಬರ್ ಹೊತ್ತಿಗೆ ಅದು ಎದೆಯ ತಳಕ್ಕೆ ಇಳಿದಿತ್ತು. ಕಫ ಬರುತ್ತಿತ್ತು. ಮೆಟ್ಟಿಲು ಹತ್ತಿ ಬಂದರೆ ಉಸಿರಿನಲ್ಲಿ ಸಣ್ಣಗೆ ಸೀಟಿ ಕೇಳುತ್ತಿತ್ತು, ದೂರದಲ್ಲಿ ಯಾರೋ ಗಾಳಿಪಟದ ದಾರ ಎಳೆಯುತ್ತಿರುವ ಹಾಗೆ. ಹೊರಗೆ ಮಳೆ, ನಾಲ್ಕೂವರೆಗೆಲ್ಲ ಕತ್ತಲು, ಎಲ್ಲರೂ ಕೆಮ್ಮುವ ಕಾಲ. ನನ್ನ ಒತ್ತಾಯಕ್ಕೆ ಹೌಸ್‌ಆರ್ಟ್ಸ್ ಹತ್ತಿರ ಹೋದ. ಇಲ್ಲಿ ಫ್ಯಾಮಿಲಿ ಡಾಕ್ಟರಿಗೆ ಹಾಗನ್ನುತ್ತಾರೆ. ವಾಪಸ್ ಬಂದು ನಗುತ್ತಾ ಹೇಳಿದ:

"ಪ್ಯಾರಾಸಿಟಮಾಲ್ ತಗೋ, ಬಿಸಿನೀರು ಕುಡಿ ಅಂದ್ರು. ಇಷ್ಟ."

"ಸೇದೋದು ಹೇಳಿದ್ಯಾ?"

"ಸ್ಮೋಕ್ ಮಾಡ್ತೀಯೇನು ಅಂತ ಕೇಳಿದ್ರು. ಇಲ್ಲ ಅಂದೆ."

"ಶರಣು."

"ಲೇ, ಸಿಗರೇಟ್ ಎಲ್ಲಿ ಸೇದ್ತೀನಿ ನಾ? ಇದು ಗಿಡ. ನಿದ್ದಿಗೆ ತಗೋತೀನಿ. ಡಾಕ್ಟರೇ ಬರ್ದು ಕೊಡ್ತಾರ ಎಷ್ಟೋ ಮಂದಿಗೆ."

ಅವನು ಸುಳ್ಳು ಹೇಳಿದ್ದಲ್ಲ. ಸ್ಮೋಕಿಂಗ್ ಅಂದರೆ ಸಿಗರೇಟು ಅಂತಲೇ ಅವನ ಮನಸ್ಸಿನಲ್ಲಿ ಇತ್ತು. ಹೊಗೆಗೆ ತಾನು ಯಾವ ಎಲೆಯಿಂದ ಬಂದೆ ಅನ್ನೋದು ನೆನಪಿರುವುದಿಲ್ಲ ಅಂತ ಅವನಿಗೂ ಹೊಳೆಯಲಿಲ್ಲ, ಆಗ ನನಗೂ ಅಷ್ಟು ಸ್ಪಷ್ಟವಾಗಿ ಗೊತ್ತಿರಲಿಲ್ಲ.

ಜನವರಿಯಲ್ಲಿ ಅವನ ತಾಯಿ ಬಂದರು. ನೀಲಮ್ಮ. ವಿಸಿಟರ್ ವೀಸಾ, ಮೂರು ತಿಂಗಳ ಮಟ್ಟಿಗೆ. ವಿಮಾನ ನಿಲ್ದಾಣದಲ್ಲಿ ಇಳಕಲ್ ಸೀರೆಯ ಮೇಲೆ ಶರಣುವಿನ ಅಕ್ಕ ಕೊಡಿಸಿದ ಗಂಡಸರ ಜಾಕೆಟ್ ಹಾಕಿಕೊಂಡು ಹೊರಗೆ ಬಂದರು. ಮಗನ ಕೆನ್ನೆ ಮುಟ್ಟಿ, ನನ್ನ ಕಡೆ ತಿರುಗಿ, "ನೀನ ಏನು ಹರೀಶ? ದಿನಾ ಫೋನ್‌ನಾಗ ನಿನ್ನ ಹೆಸರ ಹೇಳ್ತಾನ," ಅಂದರು. ಹಾಲ್‌ನ ಸೋಫಾ ಅವರ ಹಾಸಿಗೆ ಆಯಿತು. ಶೇಂಗಾ ಹಿಂಡಿ, ಕಟಕ್ ರೊಟ್ಟಿ, ವಿಭೂತಿ, ಎಲ್ಲಾ ಅಡುಗೆಮನೆಯ ಒಂದು ಕಪಾಟಿನಲ್ಲಿ ಕೂತವು.

ಅವರ ಗಂಡ ಫರ್ಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡಿದವರು. ಶಹಾಬಾದಿನ ಕಲ್ಲು ನಮ್ಮ ಮೈಸೂರಿನ ಎಷ್ಟೋ ಹಳೆಯ ಮನೆಗಳಲ್ಲಿ ನೆಲವಾಗಿ ಬಿದ್ದಿದೆ. ಅದನ್ನು ಸೀಳುವವರು ಎಂಥ ಧೂಳು ಉಣ್ಣುತ್ತಾರೆ ಅಂತ ನಾನು ಯೋಚಿಸಿರಲೇ ಇಲ್ಲ. ಆ ಧೂಳೇ ಎದೆಗೆ ಕೂತು ಶರಣು ಹೈಸ್ಕೂಲಿನಲ್ಲಿದ್ದಾಗ ತೀರಿಕೊಂಡಿದ್ದರು. ನೀಲಮ್ಮನೂ ಅದೇ ಗಣಿಯಲ್ಲಿ ಕಲ್ಲು ಹೊತ್ತವರು. ಡೀಮೆನ್‌ನ ಬೀದಿಯಲ್ಲಿ ನಡೆಯುವಾಗ ಅವರ ಕಣ್ಣು ಯಾವಾಗಲೂ ನೆಲದ ಮೇಲೆ. "ಎಲ್ಲಾ ಇಟ್ಟಂಗಿನ. ಈ ದೇಶದಾಗ ಕಲ್ಲ ಇಲ್ಲೇನು?" ಅಂತ ಕೇಳಿದ್ದರು. ಇಲ್ಲ ಅಮ್ಮಾ, ಇದೆಲ್ಲಾ ಮರಳು, ಜೌಗು, ಕಲ್ಲು ಬೇಕಾದರೆ ಹೊರಗಿನಿಂದ ತರಿಸಬೇಕು ಅಂದೆ. "ಚಲೋ ದೇಶ," ಅಂದರು. ತಮಾಷೆಗೆ ಅಂದದ್ದಲ್ಲ.

ಅವರು ಬಂದ ಮಾರನೇ ದಿನವೇ ನಾನು ಅದನ್ನು ಗಮನಿಸಿದ್ದು. ಬೆಳಿಗ್ಗೆ ಅವರು ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದರು. ಬಾತ್‌ರೂಮಿನಲ್ಲಿ ಶರಣು ಕೆಮ್ಮಲು ಶುರು ಮಾಡಿದ. ಅವರ ಕೈ ನಿಂತಿತು. ಅವನು ಕೆಮ್ಮಿ ಮುಗಿಸಿ, ಒಂದು ದೀರ್ಘ ಉಸಿರು ಎಳೆದುಕೊಳ್ಳುವವರೆಗೆ ಅವರು ತಾವೂ ಉಸಿರಾಡಲಿಲ್ಲ. ಅವನು ಎಳೆದುಕೊಂಡ ಮೇಲೆ ಚಾಕು ಮತ್ತೆ ಆಡಿತು. ಮಾರನೇ ದಿನವೂ ಹಾಗೇ. ಆ ಮನೆಯಲ್ಲಿ ಬೆಳಗು ಅಂದರೆ ಅದೇ ಆಗಿಹೋಯಿತು: ಗೋಡೆಯ ಆಚೆ ಕೆಮ್ಮು, ಈಚೆ ಅದನ್ನು ಕೇಳುತ್ತಾ ನಿಂತ ತಾಯಿ, ನಡುವೆ ಬೂಟು ಕಟ್ಟಿಕೊಳ್ಳುತ್ತಾ ನಾನು.

ಒಂದು ದಿನ ಕೇಳಿಯೇಬಿಟ್ಟರು. "ಏನ್ ಸೇದ್ತಾನವ? ಬೀಡಿನೋ ಸಿಗರೇಟೋ?"

"ಅಮ್ಮಾ, ನೀವು ಅವನನ್ನೇ ಕೇಳಿ."

"ಅಂದ್ರ ಸೇದ್ತಾನ."

ನಾನು ಬ್ಯಾಗ್ ಹೆಗಲಿಗೆ ಹಾಕಿಕೊಂಡೆ. ಅವರು ಮತ್ತೆ ಒತ್ತಾಯ ಮಾಡಲಿಲ್ಲ. ಗೊತ್ತಾದದ್ದು ಆ ಶನಿವಾರ. ಮೂವರೂ ಊರೊಳಗೆ ಅಡ್ಡಾಡಲು ಹೋಗಿದ್ದೆವು. ಕಾಲುವೆಯ ಮೇಲಿಂದ ಬರುವ ಗಾಳಿಗೆ ನೀಲಮ್ಮನ ಹಲ್ಲು ಕಟಕಟ ಅನ್ನುತ್ತಿದ್ದವು. ಅವರಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವುದಕ್ಕೆ ಬರುತ್ತಿತ್ತು. ಒಂದು ಬೋರ್ಡ್ ನೋಡಿ, "ಕಾಫಿ ಅಂತ ಬರದದ. ನಡೀರಿ, ಒಂದೀಟು ಬಿಸಿ ಕುಡಿಯೂಣು," ಅಂತ ಬಾಗಿಲ ಕಡೆ ನಡೆದೇಬಿಟ್ಟರು. ನಾವಿಬ್ಬರೂ ಅವರ ಹಿಂದೆ ಓಡಿದೆವು. ಅಷ್ಟರಲ್ಲಿ ಒಳಗಿನಿಂದ ಇಬ್ಬರು ಹುಡುಗರು ಹೊರಗೆ ಬಂದರು, ಅವರ ಜೊತೆ ಆ ಬೆಚ್ಚನೆಯ ದಟ್ಟ ಹೊಗೆ. ನೀಲಮ್ಮ ಹೊಸ್ತಿಲಲ್ಲೇ ನಿಂತರು. ಮೂಗು ಮುಚ್ಚಿಕೊಳ್ಳಲಿಲ್ಲ. ಸಾವಕಾಶವಾಗಿ ಮಗನ ಕಡೆ ತಿರುಗಿ ಅವನ ಜಾಕೆಟ್ಟಿನ ತೋಳು ಹಿಡಿದು ಮುಖದ ಹತ್ತಿರ ತಂದುಕೊಂಡರು.

"ಗಾಂಜಾ," ಅಂದರು.

ಶರಣು ತಲೆ ಬಗ್ಗಿಸಿದ. ಈ ಸಲ ನಗುವುದಕ್ಕಲ್ಲ.

ಬೈಯುತ್ತಾರೆ, ಅಳುತ್ತಾರೆ ಅಂದುಕೊಂಡಿದ್ದೆ. ಮನೆಗೆ ಬಂದು ಚಹಾ ಮಾಡಿ ಮೂವರಿಗೂ ಕೊಟ್ಟು ಆಮೇಲೆ ಮಾತು ತೆಗೆದರು.

"ನಮ್ಮ ಕಡಿ ಸಾಧುಗಳು ಸೇದೂದು ಸಣ್ಣಾಕಿ ಇದ್ದಾಗಿಂದ ನೋಡೀನಿ. ಗಾಂಜಾದ ಮ್ಯಾಲ ನನಗ ಸಿಟ್ಟಿಲ್ಲ. ನಿನ್ನ ಮ್ಯಾಲೂ ಇಲ್ಲ. ಆದ್ರ ಆ ಕೆಮ್ಮು ನಾ ಬಲ್ಲೆ, ಶರಣು. ಏಳು ವರ್ಷ ಅದರ ಬಾಜೂಕ ಮಲಗೀನಿ."

"ಅವ್ವಾ, ಅಪ್ಪಂದು ಧೂಳಿಂದು. ಇದು ಬ್ಯಾರೆ."

"ಬ್ಯಾರೆ ಇದ್ರ ಬಿಟ್ಟು ತೋರಸು."

ಅವನು ಆಗಲಿ ಅಂದ. ಬಿಡಲು ನೋಡಿದ್ದು ನಿಜ. ನಿದ್ದೆ ಇಲ್ಲದೆ ಕಣ್ಣು ಕೆಂಪಾಗಿ, ಬೆವರಿ, ಸಣ್ಣ ಮಾತಿಗೂ ಸಿಡುಕುತ್ತಾ ಕೆಲವು ದಿನ ಕಳೆದ. ಊಟ ಸೇರುತ್ತಿರಲಿಲ್ಲ. ಇದರಲ್ಲಿ ಚಟ ಅನ್ನೋದೇ ಇಲ್ಲ ಅಂತ ನನಗೆ ಪಾಠ ಹೇಳಿದ್ದವನು ಅವನೇ. ಆಮೇಲೆ ಲ್ಯಾಬಿನಿಂದ ಬರುವುದು ತಡವಾಗತೊಡಗಿತು. ಬಾಲ್ಕನಿಯಲ್ಲಿ ಸೇದುವುದು ನಿಂತಿತ್ತು, ಅಷ್ಟೇ.

ಫೆಬ್ರವರಿಯ ಒಂದು ಭಾನುವಾರ, ಬಿಸಿಲು ಬಿದ್ದಿತ್ತು ಅಂತ, ಅವ್ವನಿಗೆ ತನ್ನ ಕೆಲಸದ ಏರಿ ತೋರಿಸುತ್ತೇನೆ ಅಂತ ಹೊರಡಿಸಿದ. ಬಸ್ಸಿನಲ್ಲಿ ಊರಿನ ಉತ್ತರಕ್ಕೆ, ದೊಡ್ಡ ಸರೋವರದ ದಂಡೆಗೆ. ಆ ಏರಿಯ ನೀರಿನ ಬದಿಗೆ ಕರೀ ಕಲ್ಲುಗಳನ್ನು ಒತ್ತಾಗಿ ಜೋಡಿಸಿದ್ದರು. ನೀಲಮ್ಮ ಬಗ್ಗಿ ಒಂದು ಕಲ್ಲಿನ ಮೇಲೆ ಅಂಗೈ ಇಟ್ಟರು, ದನದ ಮೈ ಸವರುವ ಹಾಗೆ ಸವರಿದರು. "ಇದನ್ನ ಎಲ್ಲಿಂದ ತಂದಾರ? ಯಾರು ಒಡದಾರ?" ಅಂತ ಕೇಳುತ್ತಿದ್ದರು. ಶರಣು ಏರಿಯ ಮೇಲಿಂದ ಕೆಳಗಿಳಿದು ಬಂದು ಉತ್ತರ ಹೇಳುತ್ತಾ ಮತ್ತೆ ಮೇಲಕ್ಕೆ ಹತ್ತಿದ. ಗಾಳಿ ಎದುರಿಗಿತ್ತು. ಅರ್ಧದಲ್ಲಿ ಅವನ ಮಾತು ನಿಂತಿತು. ತಿರುಗಿ ನೋಡಿದರೆ ಬಲಗೈಯಲ್ಲಿ ಎಡಭುಜ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತಿದ್ದ. ಮುಖ ಬೂದಿಯ ಬಣ್ಣ. ಬಾಯಿ ತೆರೆದಿತ್ತು, ಆದರೆ ಗಾಳಿ ಒಳಗೆ ಹೋಗುತ್ತಿರಲಿಲ್ಲ. ಅಷ್ಟು ಗಾಳಿ ಬೀಸುವ ಜಾಗದಲ್ಲಿ ಅವನೊಬ್ಬನಿಗೆ ಗಾಳಿ ಸಿಗುತ್ತಿರಲಿಲ್ಲ.

"ಚೂರಿ ಹಾಕಿದಂಗ," ಅಂದ. ಅಷ್ಟು ಹೇಳುವುದಕ್ಕೇ ಎರಡು ಸಲ ನಿಲ್ಲಿಸಿದ.

ಆಂಬುಲೆನ್ಸ್ ಬರುವವರೆಗೆ ನೀಲಮ್ಮ ಅವನ ಹಿಂದೆ ಕೂತು ತಮ್ಮ ಎದೆಗೆ ಒರಗಿಸಿಕೊಂಡಿದ್ದರು. ಮಲಗಿಸಬಾರದು, ಕೂಡಿಸಬೇಕು ಅಂತ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಏಳು ವರ್ಷ ಒಬ್ಬರನ್ನು ಹಾಗೇ ಕೂಡಿಸಿದ್ದರಲ್ಲ.

ಎಡಗಡೆಯ ಶ್ವಾಸಕೋಶ ಕುಸಿದಿತ್ತು. ಆಸ್ಪತ್ರೆಯಲ್ಲಿ ಪಕ್ಕೆಯ ನಡುವೆ ನಳಿಕೆ ಇಳಿಸಿ, ಹೊರಗೆ ಸೋರಿ ಎದೆಯ ಗೂಡಿನಲ್ಲಿ ಸೇರಿಕೊಂಡಿದ್ದ ಗಾಳಿಯನ್ನು ನೀರಿನ ಪೆಟ್ಟಿಗೆಯೊಂದಕ್ಕೆ ಬಿಟ್ಟರು. ಅವನು ಕೆಮ್ಮಿದಾಗಲೆಲ್ಲ ಆ ಪೆಟ್ಟಿಗೆಯಲ್ಲಿ ಗುಳ್ಳೆ ಏಳುತ್ತಿತ್ತು. ಎರಡನೇ ದಿನ ಡಾಕ್ಟರ್ ಬಂದು ಹಾಸಿಗೆಯ ಪಕ್ಕ ಕುರ್ಚಿ ಎಳೆದು ಕೂತರು. ನಮ್ಮ ವಯಸ್ಸಿನವರೇ, ಹೆಂಗಸು. "ಸಿಗರೇಟ್ ಸೇದುತ್ತೀರಾ, ಜಾಯಿಂಟ್ ಸೇದುತ್ತೀರಾ ಅಂತ ಎರಡನ್ನೂ ಬೇರೆ ಬೇರೆ ಕೇಳುತ್ತೇನೆ," ಅಂದರು. ಶರಣು ಎರಡನೆಯದಕ್ಕೆ ಹೌದು ಅಂದ. ಹೇಗೆ ಸೇದುತ್ತೀರಿ, ಹೊಗೆ ಒಳಗೆ ಹಿಡಿದುಕೊಳ್ಳುತ್ತೀರಾ ಅಂತ ಕೇಳಿದರು. ಅದಕ್ಕೂ ಹೌದು ಅಂದ. ಸ್ಕ್ಯಾನ್ ತೋರಿಸಿದರು. ಶ್ವಾಸಕೋಶದ ತುದಿಯಲ್ಲಿ, ಹಪ್ಪಳ ಕರಿದಾಗ ಏಳುವ ಗುಳ್ಳೆಗಳ ಹಾಗೆ, ತೆಳ್ಳನೆಯ ಗುಳ್ಳೆಗಳು. ಅದರಲ್ಲಿ ಒಂದು ಒಡೆದಿತ್ತು.

ಉದ್ದಕ್ಕೆ ಸಣ್ಣಗಿರುವ ಹುಡುಗರಿಗೆ ಏನೂ ಸೇದದೆ ಇದ್ದರೂ ಒಮ್ಮೊಮ್ಮೆ ಹೀಗಾಗುತ್ತೆ, ಆದ್ದರಿಂದ ಇದೇ ಕಾರಣ ಅಂತ ನಾನು ಆಣೆ ಮಾಡಿ ಹೇಳಲಾರೆ ಅಂದರು. ಆದರೆ ದಿನಾ ಜಾಯಿಂಟ್ ಸೇದುವ ಚಿಕ್ಕ ವಯಸ್ಸಿನವರಲ್ಲಿ ಇಂಥ ಗುಳ್ಳೆ ನೋಡುತ್ತಿರುತ್ತೇವೆ, ಕೆಮ್ಮು ಕಫ ಸೀಟಿ ಅಂತೂ ಹೊಗೆಯದೇ, ಅದರಲ್ಲಿ ಅನುಮಾನ ಬೇಡ ಅಂದರು. ನಾನು ಒಂದೊಂದೇ ಮಾತನ್ನು ಕನ್ನಡಕ್ಕೆ ತಿರುಗಿಸಿ ನೀಲಮ್ಮನಿಗೆ ಹೇಳುತ್ತಿದ್ದೆ. ಅವರು ಅದೆಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು.

"ಇವರಪ್ಪಗ ಇದ್ದದ್ದು ಇದೇನೇನು ಕೇಳು."

ಕೇಳಿದೆ. ಗಣಿಯ ಧೂಳಿನ ವಿಷಯವನ್ನೂ ಹೇಳಿದೆ. ಅಲ್ಲ ಅಂದರು ಡಾಕ್ಟರ್. ಕಲ್ಲಿನ ಧೂಳು ಹೊಕ್ಕರೆ ಹೊಕ್ಕಿತು, ಕೆಲಸ ಬಿಟ್ಟರೂ ಅದು ಬಿಡುವುದಿಲ್ಲ. ಇದು ಹಾಗಲ್ಲ. ಸೇದುವುದು ಬಿಟ್ಟರೆ ಕೆಮ್ಮು ಕಮ್ಮಿಯಾಗುತ್ತೆ, ಕೆಲವು ತಿಂಗಳಲ್ಲಿ ಹೋಗಲೂಬಹುದು. ಆಗಿರುವ ಗುಳ್ಳೆ ಮಾತ್ರ ಹೋಗುವುದಿಲ್ಲ, ಮತ್ತೆ ಒಡೆಯಬಹುದು, ಸೇದುತ್ತಿದ್ದರೆ ಆ ಅಪಾಯ ಹೆಚ್ಚು.

ನೀಲಮ್ಮ ಅದನ್ನು ಇನ್ನೊಮ್ಮೆ ಹೇಳು ಅಂದರು. ಇನ್ನೊಮ್ಮೆ ಹೇಳಿದೆ. ಡಾಕ್ಟರ್ ಹೋದ ಮೇಲೆ ಮಗನ ಮಂಚದ ಕಂಬಿ ಹಿಡಿದುಕೊಂಡು ನಿಂತು, ಏರದ ಇಳಿಯದ ದನಿಯಲ್ಲಿ ಅಂದರು:

"ನಿಮ್ಮಪ್ಪಗ ಬಿಡಾಕ ಬರ್ತಿರಲಿಲ್ಲ. ಬಿಟ್ಟಿದ್ರ ನೀನೂ ನಿಮ್ಮಕ್ಕನೂ ಉಪಾಸ ಬೀಳ್ತಿದ್ರಿ. ಗೊತ್ತಿದ್ದು ಗೊತ್ತಿದ್ದು ದಿನಾ ಗಣಿಗೆ ಹೋದ. ನಾನ ಬುತ್ತಿ ಕಟ್ಟಿ ಕಳಸ್ತಿದ್ದೆ. ನಿನಗ ಬಿಡಾಕ ಬರ್ತದ, ಶರಣು. ನೀ ಬಿಟ್ರ ಯಾರೂ ಉಪಾಸ ಬೀಳಂಗಿಲ್ಲ."

ಅವನು ಗೋಡೆಯ ಕಡೆ ಮುಖ ಮಾಡಿದ. ನೀರಿನ ಪೆಟ್ಟಿಗೆಯಲ್ಲಿ ಗುಳ್ಳೆ ಎದ್ದವು, ಕೆಮ್ಮಿಗಲ್ಲ.

ಮಾರ್ಚ್ ಪೂರ್ತಿ ಅವನು ಸೇದಲಿಲ್ಲ. ಲ್ಯಾಬಿನಿಂದ ಹೊತ್ತಿಗೆ ಸರಿಯಾಗಿ ಬರುತ್ತಿದ್ದ. ಯೂನಿವರ್ಸಿಟಿಯಲ್ಲಿ ಒಬ್ಬ ಆಪ್ತ ಸಲಹೆಗಾರರನ್ನೂ ನೋಡಿ ಬಂದ. ಬೆಳಗಿನ ಕೆಮ್ಮು ತೆಳುವಾಗುತ್ತಾ ಬಂತು, ಒಂದೊಂದು ದಿನ ಬರುತ್ತಲೇ ಇರಲಿಲ್ಲ. ಆದರೂ ನೀಲಮ್ಮ ಕೈಯಲ್ಲಿನ ಕೆಲಸ ನಿಲ್ಲಿಸಿ ಕಾಯುತ್ತಿದ್ದರು. ಕೆಮ್ಮಿಲ್ಲದ ಬೆಳಗಿನಲ್ಲೂ ಆ ಹೊತ್ತಿಗೆ ಅವರ ಕೈ ನಿಲ್ಲುವುದನ್ನು ನೋಡುವುದು ನನಗೆ ಕೆಮ್ಮು ಕೇಳುವುದಕ್ಕಿಂತ ಕಷ್ಟವಾಗುತ್ತಿತ್ತು. ಏಪ್ರಿಲ್ ಮೊದಲ ವಾರ ವೀಸಾ ಮುಗಿದು ಅವರು ಹೊರಟರು. ಸೆಕ್ಯುರಿಟಿಯ ಸಾಲಿನಿಂದ ತಿರುಗಿ ನೋಡಿ ಕೈ ಎತ್ತಿದರು. ಅವರನ್ನು ನಾನು ಕಂಡದ್ದು ಅದೇ ಕೊನೆ.

ಏಪ್ರಿಲ್ ಕೊನೆಯಲ್ಲಿ ಅವನ ಲೇಖನವೊಂದು ತಿರಸ್ಕೃತವಾಗಿ ವಾಪಸ್ ಬಂತು. ಆ ಸಂಜೆ ಬಾಲ್ಕನಿಯ ಬಾಗಿಲು ಹಾಕಿತ್ತು, ಗಾಜಿನ ಆಚೆ ಅವನು ಬೆನ್ನು ಮಾಡಿ ನಿಂತಿದ್ದ. ನಾನು ಗಾಜು ತಟ್ಟಿದೆ. "ಇವತ್ತೊಂದ ದಿನ," ಅಂದ. ಆ ಒಂದು ದಿನ ಮೇ ತಿಂಗಳವರೆಗೂ ಎಳೆಯಿತು. ಟ್ಯುಲಿಪ್ ಮುಗಿದು, ಊರೆಲ್ಲ ಹಸಿರಾಗಿ, ಜನ ಕಾಲುವೆಯ ದಂಡೆಯಲ್ಲಿ ಬಿಸಿಲಿಗೆ ಮೈಯೊಡ್ಡಿ ಮಲಗುವ ಕಾಲಕ್ಕೆ, ಲ್ಯಾಬಿನಲ್ಲಿ ಒಂದು ಬಕೆಟ್ ಮರಳು ಎತ್ತುವಾಗ ಅದೇ ಎಡಗಡೆ ಮತ್ತೆ ಕುಸಿಯಿತು. ಈ ಸಲ ನಳಿಕೆ ಸಾಕಾಗಲಿಲ್ಲ. ಆಪರೇಷನ್ ಮಾಡಿ, ಗುಳ್ಳೆಯಿದ್ದ ತುದಿಯನ್ನು ಕತ್ತರಿಸಿ, ಶ್ವಾಸಕೋಶವನ್ನು ಎದೆಗೂಡಿನ ಗೋಡೆಗೆ ಅಂಟಿಕೊಳ್ಳುವ ಹಾಗೆ ಮಾಡಿದರು.

ಇದನ್ನು ಅವನು ಊರಿಗೆ ತಿಳಿಸಲಿಲ್ಲ. ನೀಲಮ್ಮ ದಿನಾ ಮಧ್ಯಾಹ್ನ ಫೋನ್ ಮಾಡುತ್ತಿದ್ದರು. ಹಾಸಿಗೆಯ ಪಕ್ಕದ ಮೇಜಿನ ಮೇಲೆ ಫೋನ್ ನಡುಗುತ್ತಿತ್ತು, ಪರದೆಯ ಮೇಲೆ ಅವ್ವ ಅಂತ ಬರುತ್ತಿತ್ತು. ಅವನು ಅದನ್ನು ಬೋರಲು ಹಾಕಿಬಿಡುತ್ತಿದ್ದ.

"ಎತ್ತೋ. ಸುಮ್ನೆ ಎರಡು ಮಾತಾಡು," ಅಂದೆ.

"ಉಸುರು ಕೇಳಿದ್ರ ಆಕಿಗೆ ಗೊತ್ತಾಗ್ತದ. ಮಾತು ಬ್ಯಾಡ ಆಕಿಗೆ, ಉಸುರ ಸಾಕು. ಎರಡ ದಿನ ಹೋಗಲಿ. ಸರಿಯಾಗಿ ಉಸುರಾಡಾಕ ಬರಲಿ, ಮಾಡ್ತೀನಿ."

ಮೀಟಿಂಗ್‌ನಲ್ಲಿದ್ದೇನೆ, ಆಮೇಲೆ ಮಾಡುತ್ತೇನೆ ಅಂತ ಅಕ್ಕನಿಗೆ ಮೆಸೇಜ್ ಕಳಿಸುತ್ತಿದ್ದ. ಅಕ್ಕ ಮಹಾದೇವಿ, ಶಹಾಬಾದಿನಲ್ಲೇ ಸ್ಕೂಲ್ ಟೀಚರ್, ತಾಯಿಯನ್ನು ತನ್ನ ಜೊತೆಗೇ ಇಟ್ಟುಕೊಂಡಿದ್ದರು. ಆ ಮೇ ತಿಂಗಳಲ್ಲಿ ಕಲಬುರಗಿ ಕಡೆ ಬಿಸಿಲು ವಿಪರೀತ ಇತ್ತು. ನೀಲಮ್ಮ ಯಾರದೋ ಮನೆಯ ಸೀಮಂತಕ್ಕೆ ಹೋಗಿ ಮಧ್ಯಾಹ್ನ ನಡೆದುಕೊಂಡು ಬರುವಾಗ ದಾರಿಯಲ್ಲಿ ಬಿದ್ದರು. ಆಸ್ಪತ್ರೆಗೆ ಒಯ್ದರು. ಮಾರನೇ ಬೆಳಿಗ್ಗೆ ತೀರಿಕೊಂಡರು. ಶರಣು ಡಿಸ್ಚಾರ್ಜ್ ಆಗಿ ಮನೆಗೆ ಬಂದು, ಇವತ್ತು ಮಾತಾಡ್ತೀನಿ ಅಂತ ಗಂಟಲು ಸರಿಮಾಡಿಕೊಂಡು ಕೂತಿದ್ದ ದಿನವೇ ಅಕ್ಕನ ಫೋನ್ ಬಂತು.

ಅವನು ಅಳಲಿಲ್ಲ. ಎದ್ದು ಬ್ಯಾಗಿಗೆ ಬಟ್ಟೆ ತುಂಬಿಕೊಳ್ಳತೊಡಗಿದ. ನಾನು ಆಸ್ಪತ್ರೆಗೆ ಫೋನ್ ಮಾಡಿದೆ. ಈಗ ವಿಮಾನ ಹತ್ತಕೂಡದು, ಕೆಲವು ವಾರ ಹೋಗಲೇಬೇಕು, ಮೇಲೆ ಒತ್ತಡ ಬದಲಾಗಿ ಮತ್ತೆ ಕುಸಿದರೆ ಅಲ್ಲಿ ಮಾಡುವುದಕ್ಕೆ ಏನೂ ಇರುವುದಿಲ್ಲ ಅಂದರು. ಅವನಿಗೆ ಅದನ್ನೇ ಹೇಳಿದೆ.

"ಮಣ್ಣು ಕೊಡಾಕ ಮಗ ಇರಬೇಕು," ಅಂದ.

"ಶರಣು, ನಿನಗೆ ದಾರೀಲೇ ಏನಾದ್ರೂ ಆದ್ರೆ ನಿಮ್ಮ ಅಕ್ಕ ಎಷ್ಟು ಜನಕ್ಕೆ ಮಣ್ಣು ಕೊಡಬೇಕು?"

ಅವನು ನನ್ನನ್ನು ಪಕ್ಕಕ್ಕೆ ಸರಿಸಿ ಬಾಗಿಲು ತೆರೆದ. ನಾನು ಬ್ಯಾಗ್ ಕಿತ್ತುಕೊಂಡು ಹಿಂದೆ ನಡೆದೆ; ಅದನ್ನಾದರೂ ಅವನು ಹೊರಬಾರದು ಅಂತ. ಮೆಟ್ರೊ, ರೈಲು ಎರಡೂ ನಿಲ್ಲುವ ಸ್ಟೇಷನ್ ಹತ್ತಿರವೇ ಇತ್ತು. ಪ್ಲಾಟ್‌ಫಾರ್ಮಿಗೆ ಹೋಗುವ ಮೆಟ್ಟಿಲನ್ನು ಕಂಬಿ ಹಿಡಿದು ಹತ್ತಿದ. ಜನ ಅವನನ್ನು ದಾಟಿಕೊಂಡು ಓಡುತ್ತಿದ್ದರು. ನಡುವೆ ನಿಂತ. ಮತ್ತೆ ಸ್ವಲ್ಪ ಹತ್ತಿದ. ಮತ್ತೆ ನಿಂತ. ಮೇಲೆ ರೈಲು ಬಂದು ನಿಂತು ಬಾಗಿಲು ತೆರೆದ ಸದ್ದು, ಆಮೇಲೆ ಸೀಟಿ, ಬಾಗಿಲು ಮುಚ್ಚಿದ ಸದ್ದು. ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ನಾನೂ ಪಕ್ಕದಲ್ಲಿ ಕೂತೆ. ಇನ್ನೊಂದು ರೈಲು ಬಂದು ಹೋದ ಮೇಲೆ, "ನಡಿ, ಮನೀಗೆ ಹೋಗೂಣು," ಅಂದ. ಆ ಮೆಟ್ಟಿಲಿನಲ್ಲಿ ಅವನು ಕೂತ ಜಾಗ ನನಗೆ ಈಗಲೂ ಗೊತ್ತು. ಹೋದ ತಿಂಗಳು ಮಗಳ ಜೊತೆ ಇಳಿಯುವಾಗ ಅದನ್ನು ತುಳಿಯದೆ ಪಕ್ಕಕ್ಕೆ ಸರಿದು ಇಳಿದೆ.

ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದೆವು. ಅಕ್ಕನ ಮಗ ಫೋನ್ ಹಿಡಿದಿದ್ದ, ಚಿತ್ರ ಅಲುಗುತ್ತಿತ್ತು. ವಿಭೂತಿ ಧರಿಸಿ ಕೂಡಿಸಿದ್ದ ನೀಲಮ್ಮನ ಮುಖ ಒಮ್ಮೆ ಕಂಡಿತು. ಸುತ್ತಲಿನವರು ಒಬ್ಬೊಬ್ಬರಾಗಿ ಮಣ್ಣು ಹಾಕುವಾಗ ಶರಣು ಬಲಗೈಯನ್ನು ಮುಷ್ಟಿ ಹಿಡಿದು ಟೇಬಲಿನ ಮೇಲೆ ಇಟ್ಟುಕೊಂಡಿದ್ದ. ಎಲ್ಲ ಮುಗಿದ ಮೇಲೆ ಅದನ್ನು ಬಿಚ್ಚಿದ. ಖಾಲಿ.

ಅಲ್ಲಿಂದ ಮುಂದೆ ಅವನು ಸೇದಿಲ್ಲ. ಇದಕ್ಕೆ ನಾನು ಸಾಕ್ಷಿ ಹೇಳಬಲ್ಲೆ. ಪಿಎಚ್‌ಡಿ ಮುಗಿಸಿದ, ಈಗ ಈ ದೇಶದ ಇನ್ನೊಂದು ಮೂಲೆಯಲ್ಲಿ ಕೆಲಸದಲ್ಲಿದ್ದಾನೆ, ಮನೆಗೆ ಬರುತ್ತಿರುತ್ತಾನೆ. ಕೆಮ್ಮು ಹೋಯಿತು, ಸೀಟಿ ಹೋಯಿತು. ಓಡುವುದಿಲ್ಲ, ಎದುರುಗಾಳಿ ಇದ್ದರೆ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಬರುತ್ತಾನೆ. ಎತ್ತದೆ ಬಿಟ್ಟ ಆ ಫೋನ್ ಕರೆಗಳ ವಿಷಯ ನಾವಿಬ್ಬರೂ ಮಾತಾಡಿಲ್ಲ. ಆದರೆ ಯಾರ ಫೋನ್ ಬಂದರೂ, ಬ್ಯಾಂಕಿನದ್ದೋ ಮಾರಾಟದವರದ್ದೋ, ಎರಡನೇ ರಿಂಗಿಗೆ ಎತ್ತುತ್ತಾನೆ.

ಆ ಆಗಸ್ಟಿನಲ್ಲಿ ಡಾಕ್ಟರ್ ಒಪ್ಪಿಗೆ ಕೊಟ್ಟ ಮೇಲೆ ಅವನು ಊರಿಗೆ ಹೋದ. ನಾನು ರಜೆಯ ಮೇಲೆ ಮೈಸೂರಿಗೆ ಹೋಗಿದ್ದವನು ರೈಲು ಹಿಡಿದು ಶಹಾಬಾದಿಗೆ ಹೋದೆ. ಸಮಾಧಿ ಊರಾಚೆ, ಹಳೆಯ ಗಣಿಯ ಪಕ್ಕದ ಹೊಲದಲ್ಲಿ, ಗಂಡನ ಸಮಾಧಿಗೆ ಹತ್ತಿಕೊಂಡು. ಮಳೆ ಕೈಕೊಟ್ಟಿತ್ತು, ನೆಲ ಒಣಗಿತ್ತು. ದಾರಿಯಲ್ಲಿ ಫರ್ಸಿ ತುಂಬಿದ ಲಾರಿಗಳು ಓಡಾಡುತ್ತಿದ್ದವು. ಶರಣು ಬಗ್ಗಿ ಹಿಡಿ ಮಣ್ಣು ತೆಗೆದು ಸಮಾಧಿಯ ಮೇಲೆ ಹಾಕಿದ, ಇನ್ನೊಂದು ಹಿಡಿ ಹಾಕಿದ, ಅಲ್ಲೇ ಕೂತ. ಸ್ವಲ್ಪ ದೂರದಲ್ಲಿ ಮಹಾದೇವಿ ಅಕ್ಕ ಬುತ್ತಿಯ ಗಂಟು ಬಿಚ್ಚಿ ಎಡೆ ಹಿಡಿಯಲು ಎಲೆ ಹಾಸುತ್ತಿದ್ದರು. ಒಂದು ಲಾರಿ ಹೋಯಿತು. ಬಿಳಿಯ ಮೋಡ ಎದ್ದು ನಮ್ಮೆಲ್ಲರ ಮೇಲೆ ಇಳಿಯಿತು. ಶರಣು ಕೆಮ್ಮಿದ. ಒಂದೇ ಸಲ.

ಅಕ್ಕನ ಕೈ ಎಲೆಯ ಮೇಲೆ ನಿಂತಿತು.

"ಏನಿಲ್ಲ ಅಕ್ಕಾ," ಅಂದ ಅವನು, ತಿರುಗದೆಯೇ. "ಧೂಳು."

ಅಕ್ಕ ಎಲೆಯನ್ನು ಅಲ್ಲೇ ಬಿಟ್ಟರು. ಆಮೇಲೆ ನೀರಿನ ಚರಿಗೆ ತೆಗೆದುಕೊಂಡು ಎದ್ದರು.

"ಅಪ್ಪನೂ ಹಂಗ ಅಂತಿದ್ದ," ಅಂದು ಚರಿಗೆಯನ್ನು ಅವನ ಕೈಗೆ ಕೊಟ್ಟು, ಅವನು ಕುಡಿದು ಮುಗಿಸುವವರೆಗೆ ಅಲ್ಲೇ ನಿಂತರು.